ನಾಲ್ಕು ಇಂಚಿಗೆ ನಾಲ್ಕು ಅಡಿ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕು ಅನ್ನುವ ವಿಷಯದಲ್ಲಿ ನನಗೆ ಅನುಮಾನವೇ ಇರಲಿಲ್ಲ. ಬಾಗಿಲಿನಿಂದ. ನಾಯಕಿ ಬಾಗಿಲಿಗೆ ಬರುತ್ತಾಳೆ, ಒಳಗೆ ಹೋಗುತ್ತಾಳೆ, ಕಥೆ ಶುರುವಾಗುತ್ತದೆ. ಇದರಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದು ಏನಿದೆ? ಧೈರ್ಯವಾಗಿ ಬರೆದೆ: 'ಅಕ್ಕ ನಾಲ್ಕು ಮೆಟ್ಟಿಲು ಹತ್ತಿ ಒಳಗೆ ಹೋದಳು.'

ಹಾಳೆಯನ್ನು ಹಾಲ್‌ಗೆ ಒಯ್ದು ಅಕ್ಕನ ಕೈಗೆ ಕೊಟ್ಟೆ. ಅವಳು ಓದಿ, ಕನ್ನಡಕವನ್ನು ಹಣೆಗೇರಿಸಿ, ನನ್ನನ್ನು ಒಂದು ಸಲ ನೋಡಿದಳು.

“ಯಾವ ಅಕ್ಕ?”

ನನಗಿರುವುದು ಒಬ್ಬಳೇ ಅಕ್ಕ. ವಯಸ್ಸು ನಲವತ್ತಮೂರು. ಕೆಲಸ ಹೊಲಿಗೆ ಮೆಷಿನ್ ರಿಪೇರಿ. ಏಳನೆಯ ವಯಸ್ಸಿನಿಂದ ಗಾಲಿಕುರ್ಚಿಯಲ್ಲಿ ಓಡಾಡುತ್ತಾಳೆ. ಅವಳ ಜೊತೆಗೇ ಬೆಳೆದು, ಅವಳ ಜೊತೆಗೇ ಊಟ ಮಾಡಿ, ಮೊದಲನೆಯ ವಾಕ್ಯದಲ್ಲೇ ಅವಳನ್ನು ಮೆಟ್ಟಿಲು ಹತ್ತಿಸಿದ ಮಹಾನುಭಾವ ನಾನು. ಇದಕ್ಕೆ ಕಾರಣ ಅಭ್ಯಾಸ. ಇಪ್ಪತ್ತು ವರ್ಷದಿಂದ ನನ್ನ ಪಾತ್ರಗಳೆಲ್ಲ ಮೆಟ್ಟಿಲು ಹತ್ತಿಯೇ ಒಳಗೆ ಬಂದಿವೆ. ಹತ್ತುವಾಗ ಅವರಿಗೆ ಹಳೆಯದೆಲ್ಲ ನೆನಪಾಗುತ್ತದೆ, ನನಗೆ ಅರ್ಧ ಪುಟ ಬಿಟ್ಟಿ ಸಿಗುತ್ತದೆ.

(ಅಕ್ಕನಿಗೆ ಏನಾಗಿತ್ತು ಅಂತ ತಿಳಿಯಲು ನೀವು ತುದಿಗಾಲಲ್ಲಿ ನಿಂತಿದ್ದೀರಿ. ಹೇಳಬೇಡ ಅಂದಿದ್ದಾಳೆ. ಅವಳಂತೂ ಕೇಳಿದವರಿಗೆಲ್ಲ ಬೇರೆ ಬೇರೆ ಉತ್ತರ ಕೊಡುತ್ತಾಳೆ. ಬಸ್‌ಸ್ಟಾಪಿನಲ್ಲಿ ಕೇಳಿದವರಿಗೆ ಮೊಸಳೆ ಅಂದಿದ್ದಳು. ಬ್ಯಾಂಕಿನ ಕ್ಯೂನಲ್ಲಿ ಕೇಳಿದವರಿಗೆ ಸರ್ಕಸ್ಸು. ಹಿಂದಿನ ಬೀದಿಯ ಹಿರಿಯರೊಬ್ಬರಿಗೆ, “ತಮ್ಮನ ಕಥೆ ಓದ್ತಾ ಕೂತಿದ್ದೆ, ಆಮೇಲೆ ಏಳೋಕೇ ಆಗ್ಲಿಲ್ಲ” ಅಂದಳಂತೆ. ಆ ಹಿರಿಯರು ಈಗಲೂ ನನ್ನನ್ನು ಕಂಡರೆ ರಸ್ತೆ ದಾಟುತ್ತಾರೆ.)

೨

ಕಥೆ ಕೇಳಿದವರು ಒಂದು ಪತ್ರಿಕೆಯ ಸಂಪಾದಕರು. ಅಂಗವೈಕಲ್ಯದ ಬಗ್ಗೆ ವಿಶೇಷ ಸಂಚಿಕೆ ತರುತ್ತಿದ್ದಾರೆ. ಇವತ್ತು ಮಂಗಳವಾರ, ಸಂಜೆಯೊಳಗೆ ಕಥೆ ಅವರ ಕೈಸೇರಬೇಕು. ಮೊದಲ ಸಲ ಫೋನ್ ಮಾಡಿದಾಗ ಯಾವ ಪದ ಬಳಸಬೇಕು ಅಂತ ಹೇಳಿದರು. ಮರುದಿನ ಮಾಡಿ, ಆ ಪದ ಹಳೆಯದಾಗಿದೆಯಂತೆ, ಹೊಸದು ಬಂದಿದೆ ಅಂದರು. ಮೂರನೆಯ ದಿನ, ಹೊಸದಕ್ಕೂ ಯಾರೋ ಆಕ್ಷೇಪ ಎತ್ತಿದ್ದಾರೆ, ಸದ್ಯಕ್ಕೆ ಜಾಗ ಖಾಲಿ ಬಿಟ್ಟಿರಿ ಅಂದರು. ಅಕ್ಕನನ್ನು ಕೇಳಿದೆ. ಮೆಷಿನ್ ರಿಪೇರಿಯವಳು ಅಂತ ಬರಿ, ಬಾಗಿಲ ಬೋರ್ಡಿನ ಮೇಲೂ ಹಾಗೇ ಇದೆ ಅಂದಳು.

ಸಂಪಾದಕರಿಗೆ ಬೇಕಿರುವುದು ಸ್ಫೂರ್ತಿ. ಓದಿದವರ ಕಣ್ಣು ಒದ್ದೆಯಾಗಬೇಕು, ಆದರೆ ಕರ್ಚೀಫ್ ತೆಗೆಯುವಷ್ಟಲ್ಲ. ಬಿಡುಗಡೆ ಸಮಾರಂಭಕ್ಕೆ ಅಕ್ಕನನ್ನೂ ಕರೆದುಕೊಂಡು ಬನ್ನಿ, ವೇದಿಕೆಯ ಮೇಲೆ ಕೂರಿಸೋಣ ಅಂದರು. ಎಲ್ಲಿ ಅಂತ ಕೇಳಿದೆ. ಅವರ ಕಟ್ಟಡದ ಮೂರನೆಯ ಮಹಡಿ. ಲಿಫ್ಟ್ ಇದೆಯಾ ಕೇಳು ಅಂತ ಅಕ್ಕ ಹಾಲ್‌ನಿಂದ ಕೂಗಿದಳು, ಕೇಳಿದೆ. ಸಂಪಾದಕರು, ಆನ್‌ಲೈನ್‌ನಲ್ಲಿ ಲೈವ್ ಇರುತ್ತದೆ ಅಂದರು.

೩

ಕರಡುಗಳ ಕಥೆ ಹೇಳುತ್ತೇನೆ ಕೇಳಿ. ನನ್ನ ಕೋಣೆಯಿಂದ ಹಾಲ್‌ನಲ್ಲಿರುವ ಅಕ್ಕನ ಮೇಜಿಗೆ ಹನ್ನೊಂದು ಹೆಜ್ಜೆ. ಪ್ರತಿ ಕರಡನ್ನೂ ನಾನೇ ಪ್ರಿಂಟ್ ತೆಗೆದು, ನಾನೇ ನಡೆದುಕೊಂಡು ಹೋಗಿ, ಅವಳ ಕೈಗೇ ಕೊಡುತ್ತೇನೆ. ಯಾವತ್ತೂ ಅವಳಿಗೆ ತೊಂದರೆ ಕೊಟ್ಟವನಲ್ಲ. ಇದನ್ನು ನನ್ನ ದೊಡ್ಡ ಗುಣಗಳಲ್ಲಿ ಒಂದು ಅಂತ ತಿಳಿದಿದ್ದೆ. ದಯವಿಟ್ಟು ನೆನಪಿಟ್ಟುಕೊಳ್ಳಿ, ಮುಂದೆ ನನಗೆ ಇದರಿಂದ ಅವಮಾನವಾಗಲಿಕ್ಕಿದೆ.

ಒಂದನೆಯ ಕರಡಿನಲ್ಲಿ ಅಕ್ಕ ಕಿಟಕಿಯ ಮುಂದೆ ಕೂತು ಹಾರುವ ಹಕ್ಕಿಗಳನ್ನು ನೋಡುತ್ತ ನಿಟ್ಟುಸಿರು ಬಿಡುತ್ತಾಳೆ. ಅಕ್ಕ ಓದಿ, ಆ ಕಿಟಕಿಯ ಮುಂದೆ ಗುಂಡಿಯ ತೂತು ಹೊಲಿಯುವ ಕಾಜಾ ಮೆಷಿನ್ ಇಟ್ಟಿದ್ದೇನೆ, ಕೂರಲು ಜಾಗವೇ ಇಲ್ಲ, ಅದೂ ಅಲ್ಲದೆ ಆ ಹಕ್ಕಿಗಳು ನನ್ನ ಬೆಲ್ಟುಗಳ ಮೇಲೆ ಹೇಸಿಗೆ ಮಾಡುತ್ತವೆ ಅಂದಳು. ನಿಟ್ಟುಸಿರು ಬಿಟ್ಟದ್ದು ಮಾತ್ರ ನಿಜವಂತೆ, ಕರಡು ಓದಿದ ಮೇಲೆ.

ಎರಡನೆಯದರಲ್ಲಿ ಪವಾಡ. ಕೊನೆಯ ಪ್ಯಾರಾದಲ್ಲಿ ಅಕ್ಕ ಎದ್ದು ನಿಲ್ಲುತ್ತಾಳೆ. ಸಂಪಾದಕರಿಗೆ ಫೋನಿನಲ್ಲಿ ಓದಿ ಹೇಳಿದಾಗ ಅವರು ಮೂಗು ಸೀಟಿದ್ದು ಕೇಳಿಸಿತು. ಅಕ್ಕ ಮಾತ್ರ, ಎದ್ದು ನಿಂತು ಆಮೇಲೆ ಏನು ಮಾಡುತ್ತಾಳೆ ಅಂತ ಕೇಳಿದಳು. ಅಷ್ಟು ದೂರ ನಾನು ಯೋಚಿಸಿರಲಿಲ್ಲ. ಒಂದು ಗ್ಲಾಸ್ ನೀರು ತಂದು ಕುಡಿಯುತ್ತಾಳೆ ಅಂದೆ. ನೀರನ್ನು ಈಗಲೂ ತಂದುಕೊಂಡೇ ಕುಡಿಯುತ್ತಿದ್ದೇನಲ್ಲ ಅಂದಳು. ಆ ಕರಡು ಅಲ್ಲಿಗೇ ಸತ್ತಿತು.

ಮೂರನೆಯದರಲ್ಲಿ ಎತ್ತರದ, ಅಗಲ ಭುಜದ ಇಂಜಿನಿಯರ್ ಒಬ್ಬ ಬಂದು ಅಕ್ಕನನ್ನು ಎತ್ತಿಕೊಂಡು ನಾಲ್ಕೂ ಮೆಟ್ಟಿಲು ಹತ್ತುತ್ತಾನೆ. ಮೇಲೆ ತಲುಪುವಷ್ಟರಲ್ಲಿ ಇಬ್ಬರಿಗೂ ಪ್ರೀತಿ ಹುಟ್ಟಿರುತ್ತದೆ.

“ನನ್ನ ತೂಕ ಎಪ್ಪತ್ತೆರಡು ಕೆಜಿ,” ಅಂದಳು ಅಕ್ಕ. “ಮೂರನೇ ಮೆಟ್ಟಿಲಲ್ಲಿ ಅವನ ಸೊಂಟ ಹೋಗುತ್ತೆ. ಆಮೇಲೆ ನಿಮ್ಮ ಸಂಪಾದಕರು ಅವನ ಮೇಲೂ ಒಂದು ವಿಶೇಷ ಸಂಚಿಕೆ ತರ್ಬೇಕು.”

೪

(ಈ ಭಾಗದಲ್ಲಿ ಅಕ್ಕನ 'ನೀಳವಾದ ಬೆರಳುಗಳ' ವರ್ಣನೆ ಇತ್ತು. ಅವಳೇ ತನ್ನ ಬೆರಳುಗಳನ್ನು ನನ್ನ ಮೂಗಿನ ಮುಂದೆ ಹಿಡಿದು ತೋರಿಸಿದ್ದರಿಂದ ತೆಗೆದುಹಾಕಲಾಗಿದೆ. ಅವು ಗಿಡ್ಡ, ಎಣ್ಣೆಜಿಡ್ಡು, ಒಂದರ ಉಗುರು ಅರ್ಧ ಇಲ್ಲ.)

೫

ನಡೆದದ್ದನ್ನು ನಡೆದ ಹಾಗೆ ಬರಿ ಅಂದಳು. ಕಥೆಗಾರನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಆದರೂ ಬರೆಯುತ್ತೇನೆ, ಉಪ್ಪುಖಾರ ಹಚ್ಚದೆ.

ಕಳೆದ ಗುರುವಾರ ಅಕ್ಕನಿಗೆ ಒಂದು ಗಾರ್ಮೆಂಟ್ಸ್‌ನಿಂದ ಕರೆ ಬಂತು. ಶಾಲಾ ಸಮವಸ್ತ್ರ ಹೊಲಿಯುವ ಜಾಗ, ನಲವತ್ತು ಮೆಷಿನ್‌ಗಳಿವೆ, ಕಾಯಂ ಮೆಕ್ಯಾನಿಕ್ ಬೇಕು. ಅಕ್ಕ ಇಲ್ಲಿಯವರೆಗೆ ಮನೆಯ ಹಾಲ್‌ನಲ್ಲೇ ಕೆಲಸ ಮಾಡಿದವಳು. ಮೆಷಿನ್‌ಗಳು ಅವಳ ಹತ್ತಿರ ಬರುತ್ತವೆ, ರಿಪೇರಿಯಾಗಿ ಹೋಗುತ್ತವೆ. ಅವಳಿಗೆ ಕೆಲಸದ ಕೊರತೆಯಿಲ್ಲ. ಹಾಗಾದರೆ ಈ ನೌಕರಿ ಯಾಕೆ ಬೇಕು ಅಂತ ಕೇಳಿದೆ. ಇದನ್ನು ಮಾತ್ರ ಅವಳ ಬಾಯಲ್ಲೇ ಕೇಳಿ.

“ನಂಗೆ ಗದ್ದಲ ಬೇಕು ಕಣೋ. ಮಧ್ಯಾಹ್ನ ಡಬ್ಬಿ ಬಿಚ್ಚಿದಾಗ ನಾಲ್ಕು ಜನ ಇರ್ಬೇಕು. ಅವರ ಅತ್ತೆ ವಿಷ್ಯ ನಾನು ಕೇಳ್ಬೇಕು, ನಿನ್ನ ವಿಷ್ಯ ನಾನು ಹೇಳ್ಬೇಕು. ಇಪ್ಪತ್ತು ವರ್ಷದಿಂದ ನಾನು ಹರಟೆ ಹೊಡೆದಿರೋದು ಬರೀ ಮೆಷಿನ್ ಜೊತೆ.”

ಇದನ್ನು ಹೇಳುವಾಗ ಅವಳು ನಗುತ್ತಿರಲಿಲ್ಲ. ನಾನೂ ಇದೇ ಮನೆಯಲ್ಲೇ ಇದ್ದೇನೆ ಅನ್ನುವ ಮಾತು ಬಾಯಿಯವರೆಗೆ ಬಂದದ್ದನ್ನು ನುಂಗಿಕೊಂಡೆ.

ಸರಿ, ಹೋದೆವು. ಬಾಗಿಲಿಗೆ ನಾಲ್ಕು ಮೆಟ್ಟಿಲು. ಆದರೆ ಅಲ್ಲಿನ ಸೂಪರ್‌ವೈಸರ್ ಮುಖದಲ್ಲಿ ಮದುವೆ ಮನೆಯ ಕಳೆ. ನಿಮಗೋಸ್ಕರ ರ‍್ಯಾಂಪ್ ಮಾಡಿಸಿದ್ದೇವೆ ಮೇಡಂ, ಬನ್ನಿ ಅಂದರು. ಪಕ್ಕದಲ್ಲಿ ನಿಜಕ್ಕೂ ಒಂದು ರ‍್ಯಾಂಪ್ ಇತ್ತು. ನೀಲಿ ಬಣ್ಣ ಬಳಿದು, ಗಾಲಿಕುರ್ಚಿಯ ಚಿತ್ರ ಬರೆಸಿ, ಎರಡೂ ಕಡೆ ಹೂಕುಂಡ ಇಟ್ಟಿದ್ದರು. ಇಳಿಜಾರು ಎಷ್ಟಿತ್ತೆಂದರೆ ಆ ಚಿತ್ರದಲ್ಲಿದ್ದವನೇ ಜಾರಿ ಬೀಳುವ ಹಾಗೆ ಕಾಣುತ್ತಿದ್ದ.

ಅಕ್ಕ ಪರೀಕ್ಷೆ ಮಾಡಿಯೇ ಬಿಡೋಣ ಅಂತ ಚಕ್ರ ತಳ್ಳಿದಳು. ಅರ್ಧದವರೆಗೆ ಹೋದಳು. ಅಲ್ಲಿಂದ ಕುರ್ಚಿ ಹಿಮ್ಮುಖವಾಗಿ ಹೊರಟಿತು. ಹಿಂದೆ ನಿಂತಿದ್ದ ಸೂಪರ್‌ವೈಸರ್ ಫೈಲು ಎಸೆದು ಎರಡೂ ಕೈಯಲ್ಲಿ ಕುರ್ಚಿ ಹಿಡಿದರು, ಕುರ್ಚಿ ಅವರನ್ನೂ ಕರೆದುಕೊಂಡು ಗೇಟಿನವರೆಗೆ ಬಂತು. ನಾನು ಏನು ಮಾಡುತ್ತಿದ್ದೆ ಅಂತ ಕೇಳಬೇಡಿ. ನೋಟ್ಸ್ ಮಾಡಿಕೊಳ್ಳುತ್ತಿದ್ದೆ.

ರ‍್ಯಾಂಪ್ ಕಟ್ಟಿದ ಮೇಸ್ತ್ರಿ ಅಲ್ಲೇ ಕಾಂಪೌಂಡಿಗೆ ಸಿಮೆಂಟು ಮೆತ್ತುತ್ತಿದ್ದ. ಅವನನ್ನು ಕರೆಸಿದರು. ಅವನ ತಪ್ಪೇನೂ ಇರಲಿಲ್ಲ, ಪಾಪ. ಸ್ಲೋಪ್ ಮಾಡು ಅಂದರು, ಮಾಡಿದೆ ಅಂದ. ಮೆಟ್ಟಿಲಿಗೂ ಚರಂಡಿಗೂ ನಡುವೆ ಇದ್ದದ್ದು ಆರು ಅಡಿ, ಹಾಗಾಗಿ ಆರು ಅಡಿಯ ಸ್ಲೋಪು. ಬಟ್ಟೆ ಬಂಡಲ್‌ಗಳಿಗಂತೂ ಬಹಳ ಅನುಕೂಲವಾಗಿದೆ, ಮೇಲಿಂದ ಬಿಟ್ಟರೆ ಸೀದಾ ಲಾರಿಯ ಹತ್ತಿರವೇ ಬಂದು ನಿಲ್ಲುತ್ತವೆ ಅಂತ ಅಭಿಮಾನದಿಂದ ಹೇಳಿದ.

ಅಕ್ಕ ಅವನಿಗೆ ಸಮಾಧಾನವಾಗಿ ವಿವರಿಸಿದಳು. ಒಂದು ಇಂಚು ಎತ್ತರ ಹತ್ತಬೇಕಾದರೆ ಒಂದು ಅಡಿ ಉದ್ದ ಬೇಕು. ಒಂದಕ್ಕೆ ಹನ್ನೆರಡು. ಆರಾರು ಇಂಚಿನ ನಾಲ್ಕು ಮೆಟ್ಟಿಲು ಅಂದರೆ ಇಪ್ಪತ್ತನಾಲ್ಕು ಇಂಚು, ಇಪ್ಪತ್ತನಾಲ್ಕು ಅಡಿ ಬೇಕು. ನೇರ ಜಾಗವಿಲ್ಲದಿದ್ದರೆ ಗೋಡೆಯ ಪಕ್ಕಕ್ಕೆ ತಿರುಗಿಸಿ ತಾ. ಮೇಸ್ತ್ರಿ ಬಾಯಿ ಬಿಟ್ಟುಕೊಂಡು ಕೇಳಿದ. ಇದನ್ನು ಇಷ್ಟು ವರ್ಷದಲ್ಲಿ ಯಾರೂ ನನಗೆ ಹೇಳಿರಲಿಲ್ಲವಲ್ಲ ಅಂದ. (ನನಗೂ ಯಾರೂ ಹೇಳಿರಲಿಲ್ಲ. ಹೇಳಬೇಕಾದವಳು ಮನೆಯಲ್ಲೇ ಇದ್ದಳು, ನಾನು ಕೇಳಿರಲಿಲ್ಲ.)

ಸೂಪರ್‌ವೈಸರ್ ಇನ್ನೊಂದು ಉಪಾಯ ಹೂಡಿದರು. ಪ್ಯಾಕಿಂಗ್‌ನ ಇಬ್ಬರು ಗಟ್ಟಿಮುಟ್ಟಾದವರನ್ನು ಕರೆಸುತ್ತೇನೆ, ಕುರ್ಚಿ ಸಮೇತ ಎತ್ತಿ ಒಳಗಿಡುತ್ತಾರೆ, ದಿನಾ ಬೆಳಗ್ಗೆ ಎತ್ತುವುದು, ಸಂಜೆ ಇಳಿಸುವುದು. ಇಬ್ಬರೂ ಬಂದು ತೋಳು ಮಡಚಿ ನಿಂತೇಬಿಟ್ಟರು. ಅಕ್ಕ ಬೇಡ ಅಂದಳು. ಯಾಕೆ ಅಂತ ಕೇಳಿದಾಗ, ಇವರಲ್ಲಿ ಒಬ್ಬರು ರಜೆ ಹಾಕಿದ ದಿನ ನನಗೂ ರಜೆ, ಮಧ್ಯಾಹ್ನ ಮನೆಗೆ ಹೋಗಬೇಕು ಅನಿಸಿದರೆ ಇವರಿಬ್ಬರ ಊಟ ಮುಗಿಯಬೇಕು, ಅದಾಗುವುದಿಲ್ಲ ಅಂದಳು. ಆಮೇಲೆ, ಕೆಟ್ಟಿರುವ ಮೆಷಿನ್ ಯಾವುದು, ಹೊರಗೆ ತನ್ನಿ ಅಂದಳು. ತೋಳು ಮಡಚಿದವರಿಗೆ ಕೆಲಸ ಸಿಕ್ಕಿತು.

ಹದಿನೇಳನೆಯ ನಂಬರಿನ ಮೆಷಿನ್ ಬಂತು. ಮೂರು ವಾರದಿಂದ ನಾಲ್ಕು ಹೊಲಿಗೆಗೆ ಒಂದು ಹೊಲಿಗೆ ಬಿಡುತ್ತಿತ್ತಂತೆ. ಬೇರೆ ಮೆಕ್ಯಾನಿಕ್ ಒಬ್ಬರು ಮೋಟಾರೇ ಬದಲಿಸಬೇಕು ಅಂದಿದ್ದರು. ಕರೆಂಟಿಗೆ ಕಾವಲುಗಾರನ ಗೂಡಿನಿಂದ ವೈರ್ ಎಳೆದರು, ಅವನ ಫ್ಯಾನ್ ನಿಂತಿತು, ಅವನೂ ಬಂದು ಗುಂಪಿನಲ್ಲಿ ಸೇರಿಕೊಂಡ. ಅಕ್ಕ ಕೈಚಕ್ರವನ್ನು ನಿಧಾನ ತಿರುಗಿಸುತ್ತ ಕಿವಿಗೊಟ್ಟು ಕೇಳಿದಳು. ಸೂಜಿ ಕೆಳಗಿಳಿದು ಮತ್ತೆ ಏಳುವ ಗಳಿಗೆಯಲ್ಲಿ ಕೆಳಗಿನ ಕೊಕ್ಕೆ ಬಂದು ದಾರ ಹಿಡಿಯಬೇಕು. ಇಲ್ಲಿ ಕೊಕ್ಕೆ ಒಂದು ಕೂದಲೆಳೆಯಷ್ಟು ತಡವಾಗಿ ಬರುತ್ತಿತ್ತು. ಸ್ಕ್ರೂ ಸಡಿಲಿಸಿದಳು, ಸರಿಸಿದಳು, ಬಿಗಿದಳು. ಹನ್ನೊಂದು ನಿಮಿಷ. ಪರೀಕ್ಷೆಗೆ ಬಟ್ಟೆ ಬೇಕಲ್ಲ, ದಾರಿಯಲ್ಲಿ ಹೋಗುತ್ತಿದ್ದವರೊಬ್ಬರು ತಮ್ಮ ಅಂಗಿಯ ಹರಿದ ಜೇಬು ಮುಂದೊಡ್ಡಿದರು. ಅವರ ಹಿಂದೆ ಕ್ಯೂ ಆಯಿತು. ಏಳು ಜೇಬು, ಒಂದು ಕೊಡೆ.

ಒಳಗಿನ ಟೈಲರ್ ಹೆಂಗಸರೆಲ್ಲ ಬಾಗಿಲಲ್ಲಿ ನಿಂತು ಚಪ್ಪಾಳೆ ಹೊಡೆದರು. ಒಬ್ಬಾಕೆ, ಬೇಗ ಬನ್ನಿ ಅಕ್ಕಾ, ಊಟಕ್ಕೆ ಕೂರುವಾಗ ನಮ್ಮ ಪಕ್ಕ ಜಾಗ ಇದೆ ಅಂದರು. ಅಕ್ಕ ಆಗ ತಲೆ ತಗ್ಗಿಸಿ ಸ್ಕ್ರೂಡ್ರೈವರ್ ಒರೆಸತೊಡಗಿದಳು. ಅದು ಮೊದಲೇ ಶುಭ್ರವಾಗಿತ್ತು.

ಕೊನೆಗೆ ಅಕ್ಕನ ಮಾತು ಇಷ್ಟೇ: ನನ್ನ ಚಕ್ರದ ಮೇಲೆ ನಾನೇ ಒಳಗೆ ಬರುವ ಹಾಗೆ ಮಾಡಿ, ಮಾರನೆಯ ದಿನದಿಂದ ಕೆಲಸಕ್ಕೆ ಬರುತ್ತೇನೆ. ಮಾಲೀಕರನ್ನು ಕೇಳಿ ಮಂಗಳವಾರ ಮಧ್ಯಾಹ್ನ ಹನ್ನೆರಡರೊಳಗೆ ಫೋನ್ ಮಾಡುತ್ತೇವೆ ಅಂದರು ಸೂಪರ್‌ವೈಸರ್. ಆಮೇಲೆ ದನಿ ತಗ್ಗಿಸಿ, ಆಗದಿದ್ದರೆ ಆ ಮೋಟಾರ್ ಬದಲಿಸುವವರನ್ನೇ ತೆಗೆದುಕೊಳ್ಳುತ್ತಾರೆ ಮೇಡಂ, ಅವರು ಮೆಟ್ಟಿಲು ಹತ್ತುತ್ತಾರೆ ಅಂದರು.

೬

ಈಗ ಮಂಗಳವಾರ, ಬೆಳಗ್ಗೆ ಹನ್ನೊಂದು ಗಂಟೆ. ಫೋನ್ ಇನ್ನೂ ಬಂದಿಲ್ಲ.

ಫೋನ್ ಅಂದರೆ ಅಕ್ಕನ ಮೊಬೈಲು. ಅದು ನನ್ನ ಕೋಣೆಯಲ್ಲಿ, ನನ್ನ ಮೇಜಿನ ಮೇಲೆ, ಚಾರ್ಜಿಗಿದೆ. ಹಾಲ್‌ನ ಸ್ವಿಚ್‌ಬೋರ್ಡಿನಲ್ಲಿ ಅವಳ ಮೆಷಿನ್ ಓಡುತ್ತಿರುತ್ತದೆ, ಫೋನ್ ಇಲ್ಲಿರಲಿ, ಬಂದರೆ ನಾನೇ ತಂದುಕೊಡುತ್ತೇನೆ ಅಂತ ಬೆಳಗ್ಗೆ ನಾನೇ ಎತ್ತಿಕೊಂಡು ಬಂದೆ. ಅಕ್ಕ ಬೇಡ ಅಂದಳು. ನಾನಿರುವುದು ಮತ್ತೆ ಯಾಕೆ ಅಂದೆ.

(ನಿಮ್ಮ ಹತ್ತಿರ ಸುಳ್ಳು ಹೇಳಿ ಪ್ರಯೋಜನವಿಲ್ಲ. ಸಂಜೆಯೊಳಗೆ ನನಗೆ ಒಂದು ಅಂತ್ಯ ಬೇಕಿತ್ತು. ಅದು ಆ ಫೋನಿನೊಳಗೆ ಬರಲಿಕ್ಕಿತ್ತು. ಎಲ್ಲರಿಗಿಂತ ಮೊದಲು ನನಗೇ ತಿಳಿಯಲಿ ಅಂತ ಆಸೆಪಟ್ಟೆ. ಅದಕ್ಕೆ ಸೇವೆ ಅಂತ ಹೆಸರಿಟ್ಟೆ.)

ಕಾಯುವ ಹೊತ್ತಿನಲ್ಲಿ ಕೈಕಟ್ಟಿ ಕೂರಬಾರದು ಅಂತ ಅಂತ್ಯಗಳನ್ನು ಬರೆದಿಡತೊಡಗಿದೆ. ಬೀದಿಯಲ್ಲಿ ಯಾರೋ ಗೋಡೆ ಕೊರೆಯುತ್ತಿದ್ದರು, ಹಾಗಾಗಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡೆ.

ಅ) ಮಾಲೀಕರು ಸ್ವತಃ ಫೋನ್ ಮಾಡಿ ಕಣ್ಣೀರಿಡುತ್ತಾರೆ. ಅವರಿಗೂ ಗಾಲಿಕುರ್ಚಿಯಲ್ಲಿ ಓಡಾಡುವ ತಾಯಿಯೊಬ್ಬರಿದ್ದರು ಅಂತ ಗೊತ್ತಾಗುತ್ತದೆ. (ಇಷ್ಟು ಹೊತ್ತು ಎಲ್ಲಿದ್ದರು ಆ ತಾಯಿ? ಬೇಡ.)

ಆ) ಮಾಲೀಕರು ಆಗುವುದಿಲ್ಲ ಅನ್ನುತ್ತಾರೆ. ಅಕ್ಕ ಸ್ವಂತ ಗಾರ್ಮೆಂಟ್ಸ್ ತೆರೆಯುತ್ತಾಳೆ, ಅದೇ ಸೂಪರ್‌ವೈಸರ್ ಕೆಲಸ ಕೇಳಿಕೊಂಡು ಬರುತ್ತಾರೆ. (ಅಕ್ಕನಿಗೆ ಬೇಕಿರುವುದು ಹರಟೆ. ಮಾಲೀಕಳ ಜೊತೆ ಯಾರು ಹರಟೆ ಹೊಡೆಯುತ್ತಾರೆ?)

ಇ) ಮೊಸಳೆ ಬರುತ್ತದೆ. (ಇದು ನನಗೆ ತುಂಬ ಇಷ್ಟವಾಯಿತು. ಆದರೆ ಸ್ಫೂರ್ತಿ ಕಡಿಮೆ.)

ಈ) ಇಪ್ಪತ್ತನಾಲ್ಕು ಅಡಿಯ ರ‍್ಯಾಂಪ್ ಸಿದ್ಧವಾಗಿದೆ. ಬೆಳಗಿನ ಬಿಸಿಲು. ಟೈಲರ್ ಹೆಂಗಸರು ಸಾಲಾಗಿ ನಿಂತಿದ್ದಾರೆ.

ಈ ನಾಲ್ಕನೆಯದನ್ನು ಬರೆಯುತ್ತ ಬರೆಯುತ್ತ ನನಗೇ ಕಣ್ಣು ಮಂಜಾಯಿತು. ಎಂಥ ಮನಮುಟ್ಟುವ ಹಾಗೆ ಬರೆಯುತ್ತೀಯಪ್ಪ ಅಂತ ನನ್ನನ್ನು ನಾನೇ ಮೆಚ್ಚಿಕೊಂಡೆ. ಕೊನೆಯ ವಾಕ್ಯ ಟೈಪ್ ಮಾಡಿದೆ: 'ಅಕ್ಕ ಸಲೀಸಾಗಿ ಒಳಗೆ ಬಂದಳು.'

ಆಗ ನನ್ನ ಬಲಗಿವಿಗೆ ಏನೋ ಫಟ್ಟನೆ ಬಡಿಯಿತು. ಹೆಡ್‌ಫೋನ್ ಜಾರಿತು. ಮೆಷಿನ್ನಿನ ದಾರ ಸುತ್ತುವ ಬಾಬಿನ್ ಒಂದು ಮೇಜಿನ ಮೇಲೆ ಬಿದ್ದು ಗಿರಗಿರ ತಿರುಗಿ ನಿಂತಿತು. ತಿರುಗಿ ನೋಡಿದೆ.

೬, ಮತ್ತೊಮ್ಮೆ

ಅಕ್ಕ ನನ್ನ ಕೋಣೆಯ ಬಾಗಿಲಲ್ಲಿದ್ದಳು. ಬಾಗಿಲಲ್ಲಿ ಅಂದರೆ ಬಾಗಿಲಿನ ಆಚೆ. ಕುರ್ಚಿಯ ಮುಂದಿನ ಪುಟ್ಟ ಚಕ್ರಗಳು ಮೆಟ್ಟಿಲಿಗೆ ತಾಗಿ ನಿಂತಿದ್ದವು.

ಯಾವ ಮೆಟ್ಟಿಲು ಅಂತ ಕೇಳುತ್ತೀರಾ? ನನ್ನ ಕೋಣೆ ಮೊದಲು ಸಾಮಾನಿನ ಕೋಣೆಯಾಗಿತ್ತು. ನೀರು ನುಗ್ಗಬಾರದು ಅಂತ ನೆಲವನ್ನು ಸ್ವಲ್ಪ ಎತ್ತರಿಸಿದ್ದಾರೆ. ಬಾಗಿಲಿಗೆ ಒಂದೇ ಒಂದು ಮೆಟ್ಟಿಲು. ನಾಲ್ಕು ಇಂಚು. ಈ ಮನೆಗೆ ಬಂದು ಆರು ವರ್ಷವಾಯಿತು. ಆರು ವರ್ಷದಿಂದ ದಿನಕ್ಕೆ ಇಪ್ಪತ್ತು ಸಲ ಹತ್ತಿ ಇಳಿಯುತ್ತಿದ್ದೇನೆ. ಕಥೆಯ ಮೊದಲ ವಾಕ್ಯಕ್ಕೆ ನಾಲ್ಕು ಮೆಟ್ಟಿಲು ಬರೆದವನಿಗೆ ಇದೊಂದು ಕಣ್ಣಿಗೇ ಬಿದ್ದಿರಲಿಲ್ಲ.

“ಫೋನು,” ಅಂದಳು ಅಕ್ಕ.

ಮೂರನೆಯ ಕರಡಿನ ಅಡಿಯಿಂದ ಇಣುಕುತ್ತಿದ್ದದ್ದನ್ನು ಎತ್ತಿ ನೋಡಿದೆ. ಗಾರ್ಮೆಂಟ್ಸ್‌ನಿಂದ ಎರಡು ಸಲ ಬಂದು ನಿಂತಿತ್ತು. ಮೊದಲನೆಯದು ಹನ್ನೊಂದು ಹತ್ತಕ್ಕೆ, ಎರಡನೆಯದು ಹನ್ನೊಂದು ಹದಿನೈದಕ್ಕೆ. ಅಕ್ಕ ಹಾಲ್‌ನಿಂದ ಕೂಗಿದ್ದಾಳೆ. ಆಮೇಲೆ ಬಾಗಿಲಿಗೆ ಬಂದು ಕೂಗಿದ್ದಾಳೆ. ನನ್ನ ಬೆನ್ನು ಕಾಣುತ್ತಿದೆ, ಫೋನಿನ ಬೆಳಕು ಕಾಣುತ್ತಿದೆ, ಎರಡೂ ಒಂದು ಮಾರು ದೂರದಲ್ಲಿವೆ. ಕೊನೆಗೆ ಜೇಬಿನಲ್ಲಿದ್ದ ಬಾಬಿನ್‌ಗಳನ್ನು ಎಸೆಯತೊಡಗಿದ್ದಾಳೆ. ಐದು ಗುರಿ ತಪ್ಪಿದವು, ಆರನೆಯದು ತಾಗಿತು.

ಓಡಿ ಹೋಗಿ ಫೋನ್ ಕೈಗಿಟ್ಟೆ. ಅಕ್ಕ ಆ ನಂಬರಿಗೆ ತಿರುಗಿ ಮಾಡಿದಳು. ಎಂಗೇಜ್. ಮತ್ತೆ ಮಾಡಿದಳು. ಎಂಗೇಜ್. ಆ ಮೋಟಾರ್ ಬದಲಿಸುವವರಿಗೆ ಮಾಡುತ್ತಿದ್ದಾರೆ ಅಂತ ಇಬ್ಬರಿಗೂ ಅನಿಸಿತು. ನನಗೆ ಎಷ್ಟು ನಾಚಿಕೆಯಾಯಿತೆಂದರೆ, ಅವಳು ಬೈದರೆ ಸಾಕು ಅನಿಸಿಬಿಟ್ಟಿತು. ಅವಳು ಬೈಯಲಿಲ್ಲ. ನನ್ನ ಭುಜದ ಮೇಲಿಂದ ಕೋಣೆಯ ಒಳಗೆ ನೋಡುತ್ತಿದ್ದಳು.

“ಗೋಡೆ ಹಸಿರಾ? ನೀಲಿ ಅಂದಿದ್ಯಲ್ಲ.”

ನೀಲಿ ಹೊಡೆಸಬೇಕು ಅಂದುಕೊಂಡಿದ್ದೆ, ಆಮೇಲೆ ಹಸಿರಾಯಿತು, ಹೇಳಲು ಮರೆತೆ ಅಂದೆ. ಆರು ವರ್ಷ ಮರೆತಿದ್ದೆ.

ಫೋನಿನ ಬ್ಯಾಟರಿ ಹಳೆಯದು, ವೈರಿನಿಂದ ತೆಗೆದರೆ ಹತ್ತು ನಿಮಿಷಕ್ಕೆ ಕಣ್ಣು ಮುಚ್ಚುತ್ತದೆ. ಚಾರ್ಜರನ್ನು ಹಾಲ್‌ಗೆ ತಂದು ಹಾಕುತ್ತೇನೆ, ನಿನ್ನ ಮೆಷಿನ್ನಿನ ಪ್ಲಗ್ ತೆಗೆಯುತ್ತೇನೆ ಅಂದೆ. ಅಕ್ಕ ತಲೆಯಾಡಿಸಿದಳು.

“ಬೇಡ. ಎಲ್ಲಿತ್ತೋ ಅಲ್ಲೇ ಹಾಕು. ಇವತ್ತು ನಾನೇ ಅಲ್ಲಿಗೆ ಬರ್ತೀನಿ.”

ಎಷ್ಟನೆಯದೋ

ಅಕ್ಕ ಸ್ಟೀಲ್ ಸ್ಕೇಲಿನಿಂದ ಮೆಟ್ಟಿಲು ಅಳೆದಳು. ಸರಿಯಾಗಿ ನಾಲ್ಕು ಇಂಚು. ಅಂದರೆ ನಾಲ್ಕು ಅಡಿ ಉದ್ದ. ನನ್ನ ಮಂಚದ ಪ್ಲೈವುಡ್ ಹಲಗೆ ತೆಗೆದೆವು. ಅದೊಂದನ್ನೇ ಇಟ್ಟರೆ ನಡುವೆ ಬಾಗುತ್ತದೆ, ಅಡಿಗೆ ಏನಾದರೂ ತುಂಬಬೇಕು, ಮೇಲಿಂದ ಕೆಳಗೆ ಇಳಿಯುತ್ತ ಬರಬೇಕು, ಒಂದೇ ದಪ್ಪದ ವಸ್ತುಗಳು ತುಂಬ ಬೇಕು ಅಂದಳು.

ಒಂದೇ ದಪ್ಪದ ವಸ್ತುಗಳು ಹೇರಳವಾಗಿ ಎಲ್ಲಿ ಸಿಗುತ್ತವೆ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಹೇಳಲು ಮನಸ್ಸು ಬರಲಿಲ್ಲ. ಮಂಚದ ಹಲಗೆ ತೆಗೆದಿದ್ದರಿಂದ ಅವು ತಾವಾಗಿಯೇ ಕಾಣುತ್ತಿದ್ದವು. ನನ್ನ ಕಥಾಸಂಕಲನದ ಮುನ್ನೂರು ಚಿಲ್ಲರೆ ಪ್ರತಿಗಳು, ಕಟ್ಟು ಬಿಚ್ಚದವು. ಒಂದೊಂದೂ ಸರಿಯಾಗಿ ಅರ್ಧ ಇಂಚು ದಪ್ಪ.

ಅಕ್ಕ ಹೇಳುತ್ತ ಹೋದಳು, ನಾನು ಜೋಡಿಸುತ್ತ ಹೋದೆ. ಮೊದಲ ಸಾಲಿಗೆ ಒಂದೊಂದು, ಎರಡನೆಯದಕ್ಕೆ ಎರಡೆರಡು, ಹೀಗೆ ಏಳರವರೆಗೆ. ಅಗಲಕ್ಕೆ ನಾಲ್ಕು. ನಡುವಿನ ಸಾಲಿನಲ್ಲಿ ಒಂದು ಪ್ರತಿ ಕಡಿಮೆ ಹಾಕಿದೆ, ಯಾರಿಗೆ ಗೊತ್ತಾಗುತ್ತದೆ ಅಂತ. ನಿನ್ನ ಕಥೆಗಳು ಯಾವಾಗಲೂ ಮಧ್ಯದಲ್ಲೇ ಕುಸಿಯುತ್ತವೆ, ಇನ್ನೊಂದು ಹಾಕು ಅಂದಳು. ಹಾಕಿದೆ. ಒಟ್ಟು ನೂರ ಹನ್ನೆರಡು ಪ್ರತಿಗಳು. ಬಿಡುಗಡೆಯ ದಿನವೂ ನನ್ನ ಪುಸ್ತಕಕ್ಕೆ ಇಷ್ಟು ಬೇಡಿಕೆ ಬಂದಿರಲಿಲ್ಲ.

ಹಲಗೆ ಮೇಲಿಟ್ಟು, ಜಾರದಂತೆ ಕೆಳಗೆ ಒಂದು ಹಳೆಯ ಮೆಷಿನ್ನಿನ ಕಬ್ಬಿಣದ ತಲೆ ಒತ್ತಿಟ್ಟೆವು. ನಾನು ಹಿಂದೆ ಹೋಗಿ ಕುರ್ಚಿ ಹಿಡಿದೆ. ಕೈ ತೆಗಿ ಅಂದಳು. ತೆಗೆದೆ.

ಅಕ್ಕ ಒಳಗೆ ಬಂದಳು.

ಇದನ್ನು ಹೇಗೆ ಬಣ್ಣಿಸಬೇಕೋ ತಿಳಿಯುತ್ತಿಲ್ಲ. ಹಲಗೆ ಸ್ವಲ್ಪ ಕಿರುಗುಟ್ಟಿತು. ಸಲೀಸಾಗಿರಲಿಲ್ಲ, ಎರಡು ಸಲ ದಮ್ಮು ಕಟ್ಟಿ ತಳ್ಳಿದಳು. ಬಂದವಳು ಕೋಣೆಯ ನಡುವೆ ನಿಂತು ಸುತ್ತ ಒಂದು ಕಣ್ಣು ಹಾಯಿಸಿದಳು. ಓಹೋ, ನನ್ನನ್ನು ಅಳಿಸುವ ಜಾಗ ಇದೇನಾ, ಇಷ್ಟು ಗಲೀಜು ಇರುತ್ತದೆ ಅಂತ ತಿಳಿದಿರಲಿಲ್ಲ ಅಂದಳು. ಮೂಲೆಯಲ್ಲಿ ಮೂರು ದಿನದ ಕಾಫಿ ಲೋಟಗಳನ್ನು ಎಣಿಸಿದಳು. ಎರಡು ವರ್ಷದಿಂದ ಹುಡುಕುತ್ತಿದ್ದ ಅವಳ ದೊಡ್ಡ ಕತ್ತರಿ ನನ್ನ ಪೆನ್ ಸ್ಟ್ಯಾಂಡಿನಲ್ಲಿ ಸಿಕ್ಕಿತು, ಅದಕ್ಕೆ ಮಾತ್ರ ಸರಿಯಾಗಿ ಬೈದಳು. ಬೈಸಿಕೊಂಡು ನನಗೆ ಎಷ್ಟೋ ಹಗುರವಾಯಿತು.

ಕೋಣೆ ಚಿಕ್ಕದು. ಕುರ್ಚಿ ಬಂದ ಮೇಲೆ ನನಗೆ ನಿಲ್ಲಲು ಜಾಗವಿರಲಿಲ್ಲ. ಅವಳು ಮೇಜಿನ ಕಡೆ ತಿರುಗಲಿ ಅಂತ ನಾನು ಹಿಂದೆ ಸರಿದೆ, ಇನ್ನೂ ಸರಿದೆ, ಕೊನೆಗೆ ನನ್ನದೇ ಕಥೆಗಳ ಮೇಲೆ ಹೆಜ್ಜೆಯಿಟ್ಟು ಹೊರಗೆ ಬಂದೆ. ಅಕ್ಕ ಪರದೆಯ ಮೇಲಿದ್ದ ವಾಕ್ಯ ಓದಿದಳು. 'ಅಕ್ಕ ಸಲೀಸಾಗಿ ಒಳಗೆ ಬಂದಳು.' ಒಂದು ಬೆರಳಿನಿಂದ, ಒಂದೊಂದೇ ಅಕ್ಷರವಾಗಿ, ಅದನ್ನು ಅಳಿಸಿದಳು.

ಆಗ ಫೋನ್ ಬಡಿದುಕೊಂಡಿತು. ಹನ್ನೊಂದು ಐವತ್ತಾರು.

ನಾನು ಒಳಗೆ ನುಗ್ಗಲು ಹೋದೆ. ಅಕ್ಕ ಕೈಯೆತ್ತಿ ಅಲ್ಲೇ ನಿಲ್ಲು ಅಂದಳು. ಆಮೇಲೆ ಒಂದು ಕೈಯಿಂದ ಫೋನ್ ಎತ್ತಿ, ಇನ್ನೊಂದು ಕೈಯಿಂದ ನನ್ನ ಕೋಣೆಯ ಬಾಗಿಲನ್ನು ನನ್ನ ಮುಖದ ಮೇಲೆ ಮುಚ್ಚಿದಳು.

ಕೊನೆಯದು ಅಲ್ಲ

ಇದನ್ನು ನಾನು ಹಾಲ್‌ನಲ್ಲಿ, ಅಕ್ಕನ ಮೇಜಿನ ಮೇಲೆ, ಎರಡನೆಯ ಕರಡಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆಯುತ್ತಿದ್ದೇನೆ. ಮೊಣಕೈಗೆಲ್ಲ ಎಣ್ಣೆ ಮೆತ್ತಿಕೊಂಡಿದೆ. ಬಾಗಿಲಿಗೆ ಕಿವಿಯಿಟ್ಟು ಕೇಳಿದ್ದನ್ನು ಇದ್ದ ಹಾಗೆ ಕೊಡುತ್ತೇನೆ. ಮೊದಲು ಹೂಂ, ಹೂಂ ಅಂದಳು. ಆಮೇಲೆ, ಸಂಬಳದ ವಿಷಯ ಆಮೇಲೆ ಮಾತಾಡೋಣ ಅಂದಳು. ಆಮೇಲೆ ಇದು, ಸ್ಪಷ್ಟವಾಗಿ ಕೇಳಿಸಿತು:

“ಮೊದ್ಲು ಅದು ಹೇಳಿ. ಎಷ್ಟು ಅಡಿ?”

ಆಮೇಲೆ ಅಕ್ಕ ನಕ್ಕಳು. ನಿಮ್ಮ ಆಣೆಗೂ ಅದು ಯಾವ ಥರದ ನಗೆ ಅಂತ ನನಗೆ ಗೊತ್ತಾಗಲಿಲ್ಲ. ಇಪ್ಪತ್ತನಾಲ್ಕು ಅಂದರೂ ಅವಳು ನಗುತ್ತಾಳೆ, ಏಳು ಅಂದರೂ ನಗುತ್ತಾಳೆ. ಅಲ್ಲಿಂದೀಚೆಗೆ ಕೇಳಿಸುತ್ತಿರುವುದು ಕೀಬೋರ್ಡಿನ ಸದ್ದು ಮಾತ್ರ, ಒಂದೇ ಬೆರಳಿನದು.

ಸಂಪಾದಕರು ನನ್ನ ಫೋನಿಗೆ ಮಾಡಿ ಕಥೆ ಎಲ್ಲಿಗೆ ಬಂತು ಅಂತ ಕೇಳಿದರು. ಕಥೆ ಒಳಗಿದೆ, ನಾನು ಹೊರಗಿದ್ದೇನೆ ಅಂದೆ. ಚೆನ್ನಾಗಿದೆ, ಇದನ್ನೇ ಕೊನೆಯ ಸಾಲು ಮಾಡಿ ಅಂದರು. ಅದಕ್ಕೇ ಮಾಡುತ್ತಿಲ್ಲ.

ಮೂರು ಸಲ ಬಾಗಿಲು ತಟ್ಟಿದೆ. ನನ್ನ ಕೋಣೆಯ ಬಾಗಿಲನ್ನು ನಾನೇ ತಟ್ಟಿದ್ದು ಇದೇ ಮೊದಲು. ಏನಂದರು ಅಂತ ಹೇಳಕ್ಕ, ಓದುವವರು ಕಾಯುತ್ತಿದ್ದಾರೆ ಅಂದೆ. ನಿಮ್ಮ ಹೆಸರನ್ನೂ ಎಳೆದು ತಂದೆ, ಕ್ಷಮಿಸಿ. ಕಾಯಲಿ, ನಾನು ಆರು ವರ್ಷ ಕಾಯಲಿಲ್ವಾ ಅಂತ ಒಳಗಿನಿಂದ ಉತ್ತರ ಬಂತು.

ಹೋಗಲಿ, ಎಲ್ಲಿಯವರೆಗೆ ಬರೆದಿದ್ದೀಯ, ಅದನ್ನಾದರೂ ಹೇಳು ಅಂದೆ.

“ಇನ್ನೂ ಬಾಗಿಲಲ್ಲೇ ಇದೀನಿ,” ಅಂದಳು ಅಕ್ಕ. “ಮೆಟ್ಟಿಲು ತೆಗೀತಾ ಇದೀನಿ.”